ಹುಣಸೆ ಬೀಜದ ಸಾಲು

68. ಇದು ನನ್ನ ಅಂಕ. 70 ಬಂದಿದ್ದರೆ ಸರ್ಕಾರದ ಲೆಕ್ಕಕ್ಕೆ ಸೇರುತ್ತಿದ್ದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 33 ತೆಗೆದ ಹುಡುಗನಿಗೆ ಎರಡು ಗ್ರೇಸ್ ಮಾರ್ಕು ಕೊಟ್ಟು ದಡ ಹಾಯಿಸುತ್ತಿದ್ದ ನಾಡಿದು. ನನಗೆ ಆ ಎರಡು ಸಿಗಲಿಲ್ಲ. ಇರಲಿ, ಬೇಡುತ್ತಿಲ್ಲ. ಈ ಅಳತೆಗೋಲನ್ನು ಯಾರ ಮೈಯಳತೆಗೆ ಕಡಿದರು ಅಂತ ಕೇಳುತ್ತಿದ್ದೇನೆ.

ವಯಸ್ಸು 41. ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ. ಹುಟ್ಟಿದಾಗಿನಿಂದ ಮೊನ್ನೆಮೊನ್ನೆಯವರೆಗೂ ನನಗಿದ್ದ ಹೆಸರುಗಳು ಮಂಕಿ, ತಿಕ್ಕಲಿ, ಕಲ್ಲುಗುಂಡು. ನೌಕರಿ ಸಿಕ್ಕಿದ ಮೇಲೆ ಅವೆಲ್ಲ ಸೇರಿ ‘ಧಿಮಾಕಿನವಳು’ ಅಂತಾಯಿತು. ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬಳು ತನ್ನ ಮಗನಿಗೆ ಆಟಿಸಂ ಇದೆಯಂತೆ ಅಂತ ಅಳುತ್ತಾ, ಅವನು ಏನೇನು ಮಾಡುತ್ತಾನೆ ಅಂತ ಒಂದೊಂದಾಗಿ ಹೇಳಿದಳು. ಅವಳು ಮಗನ ಕಷ್ಟ ಹೇಳುತ್ತಿದ್ದಳು, ನಾನು ನನ್ನ ಜಾತಕ ಕೇಳುತ್ತಿದ್ದೆ.

ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿಗೆ ಹೋದೆ. ಮೊದಲು ಕೈಗಿತ್ತದ್ದು 50 ಪ್ರಶ್ನೆಗಳ ಹಾಳೆ. 2001ರಲ್ಲಿ ಕೇಂಬ್ರಿಡ್ಜಿನಲ್ಲಿ ಮಾಡಿದ್ದು. ಪಾರ್ಟಿಗೆ ಹೋಗುವುದಕ್ಕಿಂತ ಲೈಬ್ರರಿಗೆ ಹೋಗುವುದು ಇಷ್ಟವೋ ಅಂತ ಅದರಲ್ಲೊಂದು ಪ್ರಶ್ನೆ. ನಮ್ಮೂರಲ್ಲಿ ಪಾರ್ಟಿ ಅಂದರೆ ಎರಡೇ, ಒಂದು ವೋಟಿನದು, ಇನ್ನೊಂದು ಬಾಟಲಿಯದು. ಲೈಬ್ರರಿ ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಯಲ್ಲಿತ್ತು, ಬೀಗದ ಸಮೇತ. ಕಾರುಗಳ ನಂಬರ್ ಪ್ಲೇಟು ಗಮನಿಸುತ್ತೀರಾ ಅಂತ ಇನ್ನೊಂದು. ಕಾರು ಯಾಕೆ ಸ್ವಾಮಿ? ನಮ್ಮ ಹೋಬಳಿಯ ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ ಸಮೇತ ನನ್ನ ತಲೆಯಲ್ಲಿವೆ. ಭೂಮಿ ಶಾಖೆಯವರು ಕಂಪ್ಯೂಟರ್ ಕೈಕೊಟ್ಟಾಗ ನನ್ನನ್ನು ಕೂಗುತ್ತಾರೆ. ಅಷ್ಟು ಪಹಣಿ ಬಾಯಿಪಾಠ ಇರುವ ನನ್ನ ಅಪ್ಪನ ಹೆಸರು ಮಾತ್ರ ಒಂದು ಪಹಣಿಯಲ್ಲೂ ಇಲ್ಲ. ಇದನ್ನು ಯಾವ ಹಾಳೆಯೂ ಕೇಳುವುದಿಲ್ಲ.

ಆಮೇಲೆ ಕಣ್ಣು. ‘ಎದುರಿನವರ ಕಣ್ಣಿಗೆ ಕಣ್ಣು ಕೊಡುವುದಿಲ್ಲ’ ಅಂತ ಬರೆದುಕೊಂಡರು. ಯಾವಾಗಿನಿಂದ ಅಂದರು. ಏನು ಹೇಳಲಿ? ಪಟೇಲರ ಮನೆ ಜಗಲಿಯ ಮುಂದೆ ಆರು ವರ್ಷದವಳು ತಲೆಯೆತ್ತಿ ನಿಂತಳು ಅಂತ ಅವ್ವನೇ ನನ್ನ ಬೆನ್ನಿಗೆ ಗುದ್ದಿದ್ದಳು, ಅವರು ಹೊಡೆಯುವ ಮುಂಚೆ ತಾನೇ ಹೊಡೆದರೆ ಒಂದೇಟು ಕಡಿಮೆ ಅಂತ. ನಮ್ಮ ಕೇರಿಯಲ್ಲಿ ಕಣ್ಣೆತ್ತುವುದು ತಪ್ಪು, ಹೆಣ್ಣಾದರೆ ಎರಡು ತಪ್ಪು. ನೆಲ ನೋಡುವ ಮಕ್ಕಳ ನಡುವೆ ನಾನೂ ನೆಲ ನೋಡಿದೆ. ಬೇರೆ ಮಕ್ಕಳು ಹೆದರಿ ನೋಡುತ್ತಿದ್ದರು, ನನಗೆ ಮುಖಗಳು ಬಿಸಿಲಿನ ಹಾಗೆ ಚುಚ್ಚುತ್ತಿದ್ದವು. ಹೊರಗಿನಿಂದ ಎರಡೂ ಒಂದೇ. ಊರು ಅದನ್ನು ವಿನಯ ಅಂದಿತು. ಮೇಷ್ಟರು ‘ಒಳ್ಳೆ ಗೌರಮ್ಮ’ ಅಂದರು. ಕೂಗಾಡುವ ಗಂಡುಹುಡುಗನ ತೊಂದರೆ ಊರಿಗೆಲ್ಲ ಕಾಣುತ್ತದೆ, ಬಾಯಿ ಮುಚ್ಚಿಕೊಂಡು ಸಾಯುವ ಹುಡುಗಿಗೆ ಒಳ್ಳೆ ನಡತೆಯ ಸರ್ಟಿಫಿಕೇಟು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಅವ್ವನನ್ನು ಕೂರಿಸಿ ಕೇಳಿದ ದಿನ. ದೊಡ್ಡವರಿಗೆ ಆಟಿಸಂ ಇದೆ ಅನ್ನಬೇಕಾದರೆ ಅದು ಎಳೆತನದಿಂದಲೇ ಇತ್ತು ಅಂತ ಗೊತ್ತಾಗಬೇಕು. ಅದಕ್ಕೇ ಹೆತ್ತವರನ್ನು ಎರಡು ಮೂರು ಗಂಟೆ ಕೇಳುತ್ತಾರೆ. ಮೊದಲ ಮಾತು ಎಷ್ಟನೇ ತಿಂಗಳಲ್ಲಿ? ಬೆರಳು ತೋರಿಸಿ ಕೇಳುತ್ತಿದ್ದಳಾ? ನಾಲ್ಕೈದು ವರ್ಷದವಳಿದ್ದಾಗ ಹೇಗಿದ್ದಳು? ಇಂಗ್ಲಿಷ್ ಹಾಳೆ ನೋಡಿಕೊಂಡು ಕ್ಲಿನಿಕ್ಕಿನ ಹುಡುಗಿ ಅಲ್ಲಲ್ಲೇ ಕನ್ನಡ ಮಾಡಿ ಕೇಳುತ್ತಿದ್ದಳು.

“ಯಾವಾಗ ಮಾತಾಡಿದ್ಲು ಅಂತ ಯಾರು ನೋಡ್ಕಂಡು ಕೂತಿದ್ರು ತಾಯಿ? ನಾಟಿ ಕಾಲ. ಮರಕ್ಕೆ ಜೋಲಿ ಕಟ್ಟಿ ಮಲಗ್ಸಿ ಗದ್ದೆಗಿಳೀತಿದ್ದೆ. ಸಂಜಿಕೆ ಬಂದಾಗ ಅಳ್ತಿದ್ರೆ, ಸದ್ಯ ಬದುಕವ್ಳೆ ಅನ್ಕತಿದ್ದೆ.”

ಆಟದ ಸಾಮಾನಿನ ಜತೆ ಹೇಗೆ ಆಡುತ್ತಿದ್ದಳು, ಕಾರಿನ ಚಕ್ರ ತಿರುಗಿಸುತ್ತಾ ಕೂರುತ್ತಿದ್ದಳಾ? “ಆಟದ ಸಾಮಾನೆಲ್ಲಿತ್ತವ್ವ?” ಇಲ್ಲ ಅಂತ ಗುರುತು ಬಿತ್ತು. ವರದಿಯ ಕೊನೆಗೆ ಒಂದು ಸಾಲು: ತಾಯಿ ಕೊಟ್ಟ ಮಾಹಿತಿ ನಂಬಲರ್ಹವಲ್ಲ.

ಸಂಜೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಕಾಯುತ್ತಾ ಕಡ್ಲೆಕಾಯಿ ಬಿಡಿಸುತ್ತಿದ್ದೆವು. ಅವ್ವ ಇದ್ದಕ್ಕಿದ್ದ ಹಾಗೆ ಅಂದಳು: “ಹುಣ್ಸೆ ಬೀಜ ಇತ್ತಲ್ಲೇ. ಹೊತ್ತುಟ್ಟಿದಾಗ ಕೂತ್ರೆ ಹೊತ್ತು ಮುಳುಗಗಂಟ ಸಾಲಾಗಿ ಜೋಡ್ಸೋಳು. ಒಂದು ಬೀಜ ಯಾರಾರ ಸರಿಸಿದ್ರೋ, ಕೇರಿಯೆಲ್ಲ ಒಟ್ಟಾಗಂಗೆ ಅರಚೋಳು. ಪೀಡೆ ಬಡಿದದೆ ಅಂತ ಯಂತ್ರ ಕಟ್ಸಿದ್ದೆ.”

ನಂಬಲರ್ಹವಲ್ಲದ ತಾಯಿ! ಅವಳಿಗೆ ಎಲ್ಲ ನೆನಪಿತ್ತು. ಕೇಳುವವರಿಗೆ ಕಾರು ಗೊತ್ತಿತ್ತು, ಹುಣಸೆ ಬೀಜ ಗೊತ್ತಿರಲಿಲ್ಲ.

ಈ ರೋಗನಾಮ ಹುಟ್ಟಿದ್ದೇ ಹಾಗೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ. 8 ಗಂಡು, 3 ಹೆಣ್ಣು. ಹೆತ್ತವರೆಲ್ಲ ಹೆಚ್ಚುಕಡಿಮೆ ಓದಿಕೊಂಡ ಮೇಲುವರ್ಗದವರು. ಮೊದಲನೇ ಮಗುವಿನ ಅಪ್ಪ ಮಿಸಿಸಿಪ್ಪಿಯ ವಕೀಲ, ಮಗನ ಚರ್ಯೆಯನ್ನೆಲ್ಲ ವಿವರಿಸಿ 33 ಪುಟದ ಟೈಪ್ ಮಾಡಿದ ಪತ್ರ ಕಳಿಸಿದ್ದ. ಓದಿದವರ ಮನೆಯಲ್ಲೇ ಇದು ಇರುವುದು ಅಂತ ಜಗತ್ತು ಎಷ್ಟೋ ಕಾಲ ನಂಬಿತು. (ಆ ತಾಯಂದಿರನ್ನೂ ಬಿಡಲಿಲ್ಲ, ಮಂಜುಗಡ್ಡೆಯಂಥವರು, ಅವರಿಂದಲೇ ಮಕ್ಕಳು ಹೀಗಾದವು ಅಂತ ದೂಷಿಸಿದರು. ತಾಯಿಯಾದವಳು ಯಾವ ಖಂಡದಲ್ಲೂ ಪಾಸಾಗುವುದಿಲ್ಲ.) ಪತ್ರ ಬರೆಯುವ ಅಪ್ಪಂದಿರಿಲ್ಲದ ಮಕ್ಕಳು ಆಗ ಎಲ್ಲಿದ್ದರು? ನಮ್ಮ ಹಾಗೆ ಎಲ್ಲೋ ಕುರಿ ಕಾಯುತ್ತಾ ‘ತಿಕ್ಕಲ’ ಅನ್ನಿಸಿಕೊಳ್ಳುತ್ತಿದ್ದರು.

ಕೊನೆಗೂ ಕ್ಲಿನಿಕ್ಕಿನವರು ಆಟಿಸಂ ಅಂತ ಬರೆದುಕೊಟ್ಟರು. ಆ ದಿನ ಅತ್ತೆ. ದುಃಖಕ್ಕಲ್ಲ, 39 ವರ್ಷ ಬೈಸಿಕೊಂಡದ್ದರ ಲೆಕ್ಕ ಒಂದೇ ಸಲ ಚುಕ್ತಾ ಆದ ಹಾಗೆ ಅನಿಸಿತು.

ಸರ್ಕಾರಕ್ಕೆ ಆ ಕಾಗದ ಸಾಲದು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಅನ್ನುವ ಶಬ್ದವೇ ಇರಲಿಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೆಸರಿಸಿ ಇದನ್ನೂ ಸೇರಿಸಿತು, ಮೀಸಲಾತಿಯಂಥದ್ದಕ್ಕೆ ಶೇ 40 ಇರಬೇಕು ಅಂತ ಗೆರೆಯನ್ನೂ ಎಳೆಯಿತು. ಆಟಿಸಂ ಅಳೆಯುವುದಕ್ಕೆ ‘ಐಸಾ’ ಅನ್ನುವ ಮಾಪಕ: 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಅಂದರೆ ಏನೂ ಇಲ್ಲದವನಿಗೂ 40 ಗ್ಯಾರಂಟಿ. 70 ಮುಟ್ಟದಿದ್ದರೆ ಆಟಿಸಂ ಇಲ್ಲ.

ಸರ್ಕಾರದ ಮೆಡಿಕಲ್ ಬೋರ್ಡಿನಲ್ಲಿ ಹತ್ತು ನಿಮಿಷ. “ನೌಕರಿ ಇದೆ, ಮದುವೆ ಆಗಿದೆ, ಸೀರೆ ನೀಟಾಗಿ ಉಟ್ಟಿದ್ದೀರಿ. ಇನ್ನೇನಮ್ಮಾ ನಿಮಗೆ?” ಅಂದರು ಒಬ್ಬರು. ನಾನು ನಕ್ಕೆ. ಸಾಮಾಜಿಕ ನಗುವಿಗೆ ಅಂಕ ಕಳೆದರು. ಆ ನಗು ನಾನು ಟಪಾಲು ಸೆಕ್ಷನ್ನಿನ ಮೇಡಂ ನೋಡಿ ಕಲಿತದ್ದು: ಸಾಹೇಬರು ನಕ್ಕ ಮೇಲೆ ಎರಡು ಎಣಿಸಿ ನಗಬೇಕು, ಅವರು ನಿಲ್ಲಿಸುವ ಮುಂಚೆ ನಿಲ್ಲಿಸಬೇಕು. ದಿನವಿಡೀ ಹೀಗೆ ಎಣಿಸಿ ಸಂಜೆ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮೂಲೆ ಹಿಡಿಯುತ್ತೇನೆ. ಮಗಳು ಅನ್ನಕ್ಕೆ ಕರೆದರೂ ಮಾತು ಹೊರಡುವುದಿಲ್ಲ. ಆ ಕತ್ತಲಿಗೆ ಅವರಲ್ಲಿ ಕಾಲಂ ಇಲ್ಲ.

ನನಗೆ ಮೀಸಲಾತಿ ಬೇಕಿರಲಿಲ್ಲ. ತಲೆಯ ಮೇಲೆ ಜುಂಯ್‌ಗುಡುವ ಟ್ಯೂಬ್‌ಲೈಟು ಬದಲಿಸಿ, ಜನ ನುಗ್ಗುವ ಕೌಂಟರಿನಿಂದ ರೆಕಾರ್ಡ್ ರೂಮಿಗೆ ಹಾಕಿ ಅಂತ ಕೇಳಿದ್ದೆ. ಶೇ 40 ಸರ್ಟಿಫಿಕೇಟು ತಾ ಅಂದರು ಮೇಲಿನವರು. ಇಂಥ ಅನುಕೂಲಕ್ಕೆ 40ರ ಗೆರೆ ಬೇಕಿಲ್ಲ ಅಂತ 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಬರೆಯಲು ಕೈ ಸಹಕರಿಸದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ. ಆ ತೀರ್ಪಿನ ಪ್ರತಿ ಇಟ್ಟೆ. ಕಡತ ಇನ್ನೂ ‘ಪರಿಶೀಲನೆಯಲ್ಲಿ’ ಇದೆ. ಟ್ಯೂಬ್‌ಲೈಟೂ.

ಮರುಪರಿಶೀಲನೆಗೆ ಅರ್ಜಿ ಹಾಕುತ್ತಿದ್ದೇನೆ. ವಕೀಲ ಅಪ್ಪ ಇಲ್ಲದ್ದಕ್ಕೆ ರಾತ್ರಿ ಊಟ ಆದ ಮೇಲೆ ಅವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ. ಜೋಲಿ, ಹುಣಸೆ ಬೀಜ, ಯಂತ್ರ, ನಾನು ಮುಟ್ಟದ ಮುದ್ದೆ, ಗಂಟೆ ಸದ್ದಿಗೆ ಶಾಲೆ ಬಿಟ್ಟು ಓಡಿದ್ದು. ನಿನ್ನೆಗೆ ಹನ್ನೆರಡು ಹಾಳೆ ಆಯಿತು. ಪಟೇಲರ ಜಗಲಿದು ಬರೀಬೇಡ ಕಣೆ, ಅವರ ಮೊಮ್ಮಗ ಈಗ ಪಂಚಾಯ್ತಿ ಮೆಂಬರು ಅಂತಾಳೆ ಅವ್ವ. ಬರೆದಿದ್ದೇನೆ.