ವಿಷಕ್ಕೆ ಔಷಧಿಯೆಂಬ ಹೆಸರೇಕೆ? ಗುಲಗಂಜಿ ಹುಳುವಿನ ಪರವಾಗಿ ಒಂದು ವಾದ



ಬಹುಕಾಲ ಕನ್ನಡ ಕಲಿಸಿದವನಿಗೆ ಕೆಲವು ಪದಪ್ರಯೋಗಗಳು ಕಿವಿಗೆ ಬಿದ್ದೊಡನೆ ಚುಚ್ಚುತ್ತವೆ. ‘ಔಷಧಿ ಹೊಡೆಯುವುದು’ ಅಂಥದ್ದೊಂದು. ಬದುಕಿಸುವುದು ಔಷಧಿ, ಕೊಲ್ಲುವುದು ವಿಷ. ಕೀಟನಾಶಕದ ಡಬ್ಬಿಯ ಮೇಲೆ ಎಚ್ಚರಿಕೆಯ ತ್ರಿಕೋನವಿದ್ದರೂ ಅದನ್ನು ನಾವು ಔಷಧಿಯೆಂದೇ ಕರೆಯುತ್ತೇವೆ. ಔಷಧಿಯೆಂದ ಮೇಲೆ ಇನ್ನಷ್ಟು ಹೊಡೆದರೆ ಇನ್ನಷ್ಟು ಗುಣವಾದೀತೆಂಬ ಭ್ರಮೆಯೂ ಜೊತೆಗೇ ಬರುತ್ತದೆ. ಈ ಭ್ರಮೆಗೆ ಬಲಿಯಾಗುತ್ತಿರುವ ಒಂದು ಪುಟ್ಟ ಜೀವಿಯ ಪರವಾಗಿ ಇಂದು ವಾದಿಸುತ್ತೇನೆ.

ಅದು ಗುಲಗಂಜಿ ಹುಳು. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯಂತೆ ಕೆಂಪು ಮೈ, ಕಪ್ಪು ಚುಕ್ಕೆ. ಮಕ್ಕಳ ಶಾಲಾಚೀಲದ ಮೇಲೆ ಇದರ ಚಿತ್ರವಿರುತ್ತದೆ. ಚುಕ್ಕೆ ಎಣಿಸಿದರೆ ವಯಸ್ಸು ತಿಳಿಯುತ್ತದೆಂದು ಹೇಳುವವರಿದ್ದಾರೆ; ಅದು ಸುಳ್ಳು. ಕೋಶದಿಂದ ಆಗತಾನೆ ಹೊರಬಂದ ಹುಳುವಿನ ರೆಕ್ಕೆಕವಚ ಮಾಸಲು ಹಳದಿಯಾಗಿರುತ್ತದೆ. ಕೆಲವು ಗಂಟೆಗಳಲ್ಲಿ ಮೂಡುವ ಚುಕ್ಕೆಗಳು ಆಯಾ ಜಾತಿಯ ಗುರುತೇ ಹೊರತು ಆಯುಸ್ಸಿನ ಲೆಕ್ಕವಲ್ಲ.

ತಾಯಿಹುಳು ಸಸ್ಯಹೇನುಗಳಿರುವ ಎಡೆಯನ್ನು ಹುಡುಕಿ, ಎಲೆಯಡಿಯಲ್ಲಿ ಹಳದಿ ಮೊಟ್ಟೆಗಳನ್ನು ಗುಂಪಾಗಿ ನೆಟ್ಟಗೆ ನಿಲ್ಲಿಸಿ ಇಡುತ್ತದೆ. ಕೆಲವೇ ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮೊದಲು ಒಡೆದ ಮರಿ ಪಕ್ಕದ ಮೊಟ್ಟೆಯನ್ನೇ ತಿನ್ನುವುದೂ ಉಂಟು. ಮೂರು ಬಾರಿ ಪೊರೆ ಕಳಚಿ, ನಾಲ್ಕು ಹಂತಗಳಲ್ಲಿ ಬೆಳೆದು, ಎಲೆಗಂಟಿ ಕೋಶವಾಗಿ, ನಮ್ಮ ಬೆಚ್ಚನೆಯ ಹವೆಯಲ್ಲಿ ಸುಮಾರು ಮೂರು ವಾರಗಳಲ್ಲಿ ಪ್ರೌಢ ಹುಳುವಾಗುತ್ತದೆ. ಅಷ್ಟರಲ್ಲಿ ಒಂದು ಮರಿ ನೂರಾರು ಸಸ್ಯಹೇನುಗಳನ್ನು ತಿಂದಿರುತ್ತದೆ. ಮುಟ್ಟಿದರೆ ಪ್ರೌಢ ಹುಳು ಸತ್ತಂತೆ ನಟಿಸುತ್ತದೆ, ಕಾಲಿನ ಸಂದುಗಳಿಂದ ಕಹಿಯಾದ ಹಳದಿ ದ್ರವ ಒಸರುತ್ತದೆ. ಹಕ್ಕಿಗೆ ಅಷ್ಟು ಸಾಕು, ಉಗಿದುಬಿಡುತ್ತದೆ. ಆದರೆ ಸಿಂಪಡಿಸುವ ಯಂತ್ರದೆದುರು ಆ ಕಹಿಗೆ ಬೆಲೆಯೇನು?

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಕೆಂಪು ಹುಳುವನ್ನು ಕಂಡರೆ ‘ಎಷ್ಟು ಚೆಂದ’ ಎನ್ನುವ ನಾವೇ ಅದರ ಮರಿಯನ್ನು ಕಂಡೊಡನೆ ಹೊಸಕಿಹಾಕುತ್ತೇವೆ. ಮರಿ ಚೆಂದವಿಲ್ಲ, ಕಪ್ಪಾಗಿ, ನೀಳವಾಗಿ, ಪುಟ್ಟ ಮೊಸಳೆಯಂತಿರುತ್ತದೆ. ಕಾಫಿ, ದ್ರಾಕ್ಷಿ, ಸೀಬೆಯ ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿಯ ಪಾಡು ಇನ್ನೂ ಕಷ್ಟ. ಅದರ ಮರಿಯ ಮೈಮೇಲೆ ಬಿಳಿಯ ಮೇಣದ ಎಳೆಗಳಿದ್ದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ೧೮೯೮ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳುವಿದು. ಸಂಶೋಧನಾಲಯಗಳಲ್ಲಿ ಕುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಬೆಳೆಸಿ, ಅದರ ಮೇಲೆ ಇದನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ. ಹಾಗೆ ಬಿಟ್ಟ ಹುಳುವನ್ನು ಒಂದು ಸಿಂಪಡಣೆಯಲ್ಲಿ ಕೊಲ್ಲುವುದು ಯಾವ ಜಾಣತನ?

ವಿಷ ಎರಡನ್ನೂ ಕೊಲ್ಲುತ್ತದೆ, ಆದರೆ ಎರಡೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಸಸ್ಯಹೇನಿನ ಹೆಣ್ಣು ಗಂಡಿನ ನೆರವಿಲ್ಲದೆ ಮರಿ ಹಾಕುತ್ತದೆ. ಉಳಿದ ನಾಲ್ಕಾರು ಹೇನುಗಳೇ ಮತ್ತೆ ಗಿಡ ತುಂಬುತ್ತವೆ. ಗುಲಗಂಜಿಗೆ ಅಷ್ಟು ಅವಸರ ಸಾಧ್ಯವಿಲ್ಲ. ಆಗ ನಾವು ಮತ್ತೆ ಗೊಬ್ಬರದ ಅಂಗಡಿಗೆ ಓಡುತ್ತೇವೆ.

ಇದು ನನ್ನ ಕಲ್ಪನೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹತ್ತಿಯಂಥ ಬಿಳಿ ಶಲ್ಕ ಕೀಟವೊಂದು ನಾಶದ ಅಂಚಿಗೆ ತಂದಿತ್ತು. ೧೮೮೮ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞನನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಲಾಯಿತು. ಆತ ಮೊದಲ ಕಂತುಗಳಲ್ಲಿ ಕಳುಹಿಸಿದ ವೆಡೇಲಿಯಾ ಎಂಬ ಗುಲಗಂಜಿ ಹುಳುಗಳು ೧೨೯. ಅವುಗಳ ಸಂತತಿ ಎರಡು ವರ್ಷದೊಳಗೆ ತೋಟಗಳನ್ನು ಉಳಿಸಿತು. ಸುಮಾರು ಅರ್ಧ ಶತಮಾನ ಕಳೆದು, ೧೯೪೦ರ ದಶಕದಲ್ಲಿ, ಅದೇ ಸೀಮೆಯ ತೋಟಗಳಿಗೆ ಡಿಡಿಟಿ ಬಂತು. ವೆಡೇಲಿಯಾ ಸತ್ತಿತು, ಅಡಗಿದ್ದ ಶಲ್ಕ ಕೀಟ ಮತ್ತೆ ಮೇಲೆದ್ದಿತು. ಬೆಳೆಗಾರರು ಪುನಃ ಗುಲಗಂಜಿಯನ್ನೇ ಹುಡುಕಿಕೊಂಡು ಹೋಗಬೇಕಾಯಿತು.

“ಮೇಷ್ಟ್ರೇ, ಸಾಲ ಮಾಡಿ ಬಿತ್ತಿದ ಬೆಳೆ ಕಣ್ಣೆದುರೇ ಹಾಳಾಗುವಾಗ ಹುಳುವಿನ ಮೇಲೆ ಕರುಣೆ ತೋರಿಸಲೇ?” ಎಂದು ನಿಮ್ಮಲ್ಲಿ ಬೇಸಾಯಗಾರರಾದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಬೇಡುತ್ತಿರುವುದು ಕರುಣೆಯನ್ನಲ್ಲ, ಲೆಕ್ಕವನ್ನು. ಕೂಲಿಯಿಲ್ಲದೆ ದುಡಿಯುವ ಆಳನ್ನು ಕೊಂದು, ದುಡ್ಡು ಕೊಟ್ಟು ವಿಷ ತರುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ. ಬೇರೆ ದಾರಿಯೇ ಇಲ್ಲದ ಹೊತ್ತು ಬರಬಹುದು. ಆದರೆ ಅದು ಕೊನೆಯ ದಾರಿಯಾಗಿರಲಿ.

“ಬದನೆ ಎಲೆಯನ್ನು ಜರಡಿಯಾಗಿಸುವುದೂ ಇದೇ ಕುಲದ ಹುಳುವಲ್ಲವೇ?” ಎಂಬ ಮಾತೂ ಬರುತ್ತದೆ. ಹೌದು. ಇಪ್ಪತ್ತೆಂಟು ಚುಕ್ಕೆಯ ಆ ಸೋದರ ಎಲೆ ತಿನ್ನುವವನೇ. ಅವನ ಮೈಗೆ ಹೊಳಪಿಲ್ಲ, ನವಿರಾದ ರೋಮವಿದೆ. ಮರಿ ಹಳದಿ, ಮೈತುಂಬ ಮುಳ್ಳು. ಅವನನ್ನು ಕೈಯಿಂದ ಆರಿಸಿ ತೆಗೆಯಿರಿ. ಒಬ್ಬನ ತಪ್ಪಿಗೆ ಇಡೀ ಕುಲವನ್ನು ಶಿಕ್ಷಿಸುವುದು ಮನುಷ್ಯರಲ್ಲೂ ನ್ಯಾಯವಲ್ಲ, ಹುಳುಗಳಲ್ಲೂ ಅಲ್ಲ.

ಆದ್ದರಿಂದ ಹೊಲದಲ್ಲಿರುವವರಿಗೂ, ಬೆಂಗಳೂರಿನ ತಾರಸಿಯ ಮೇಲೆ ಕುಂಡಗಳಲ್ಲಿ ಅವರೆ, ಅಲಸಂದೆ ಬೆಳೆಯುವವರಿಗೂ ನನ್ನದೊಂದೇ ಮಾತು. ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಹತ್ತು ಎಲೆಗಳನ್ನು ಮಗುಚಿ ನೋಡಿ. ಹೇನುಗಳ ನಡುವೆ ಆ ಪುಟ್ಟ ಮೊಸಳೆ ಕಂಡರೆ ಕೆಲವು ದಿನ ಕಾಯಿರಿ. ಕುಂಡದ ಗಿಡವಾದರೆ ನೀರು ಚಿಮ್ಮಿಸಿ ಹೇನು ಉದುರಿಸಿ. ಹೇನಿನ ಸಿಹಿಗಾಗಿ ಗುಲಗಂಜಿಯನ್ನು ಓಡಿಸುವ ಇರುವೆಗಳನ್ನು ಗಿಡಕ್ಕೆ ಹತ್ತಗೊಡಬೇಡಿ. ಮಕ್ಕಳು, ಮೊಮ್ಮಕ್ಕಳು ಜೊತೆಯಲ್ಲಿದ್ದರೆ ಆ ಮರಿಯನ್ನು ಅವರಿಗೂ ತೋರಿಸಿ, ಹೆಸರು ಹೇಳಿಕೊಡಿ.