ಬೋಳುಗುಡ್ಡೆ ಬರಡಲ್ಲ

ಆಟಿ ಕಳೆದು ಸೋಣ ತಿಂಗಳು ಕಾಲಿಡುವ ಹೊತ್ತಿಗೆ ಕಾಸರಗೋಡಿನ ಮುರಕಲ್ಲಿನ ಪದವುಗಳು ನೀಲಿ ಬಣ್ಣ ತಳೆಯುತ್ತವೆ. ಹುಲ್ಲಿನ ನಡುವೆ ಹಿಂಡುಹಿಂಡಾಗಿ ಅರಳುವ ಈ ಕಿರುಹೂವಿಗೆ ಮಲಯಾಳದಲ್ಲಿ ಕಾಕ್ಕಪ್ಪೂವು ಎಂದು ಹೆಸರು. ಓಣಂ ಹಬ್ಬದ ಹೂವಿನ ರಂಗೋಲಿಗೆ ಮಕ್ಕಳು ಇದನ್ನು ಆಯ್ದು ತರುವುದುಂಟು. ಸಸ್ಯಶಾಸ್ತ್ರದಲ್ಲಿ ಇದು ಯುಟ್ರಿಕ್ಯುಲೇರಿಯ ರೆಟಿಕ್ಯುಲೇಟ. ದಳದ ಮೇಲಿನ ಬಲೆಯಂತಹ ಗೆರೆಗಳೇ ಈ ಹೆಸರಿಗೆ ಕಾರಣ.

ಹೂವು ಕೋಮಲವಾದರೂ ಗಿಡ ಬೇಟೆಗಾರ. ಇದಕ್ಕೆ ನಿಜವಾದ ಬೇರುಗಳಿಲ್ಲ. ಒದ್ದೆ ಮಣ್ಣಿನೊಳಗೆ ಹರಡಿದ ಎಳೆಗಳಲ್ಲಿ ಸಾಸಿವೆಯಂತಹ ಕಿರುಚೀಲಗಳಿರುತ್ತವೆ. ಚೀಲವು ತನ್ನೊಳಗಿನ ನೀರನ್ನು ಹೊರಹಾಕಿ ಬಿಗಿದುಕೊಂಡು ಕಾದಿರುತ್ತದೆ. ಬಾಗಿಲಿನ ರೋಮಕ್ಕೆ ಸೂಕ್ಷ್ಮಜೀವಿಯೊಂದು ತಗುಲಿದೊಡನೆ ಬಾಗಿಲು ಒಳಕ್ಕೆ ತೆರೆದು, ನೀರಿನೊಂದಿಗೆ ಜೀವಿಯೂ ಒಳಸೇರುತ್ತದೆ. ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಬೇಗ ಇದು ಮುಗಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪ್ರಕಟಿಸಿದ ಕೀಟಾಹಾರಿ ಸಸ್ಯಗಳ ಗ್ರಂಥದಲ್ಲಿ ಈ ಕುಲದ ಗಿಡಗಳನ್ನೂ ವಿವರಿಸಿದ್ದಾನೆ.

ಗಿಡಕ್ಕೆ ಬೇಟೆಯ ಅಗತ್ಯವೇಕೆ? ಮುರಕಲ್ಲಿನ ಮೇಲಿನ ತೆಳುಮಣ್ಣಿನಲ್ಲಿ ಸಾರಜನಕ, ರಂಜಕಗಳು ತೀರ ಕಡಿಮೆ. ದೊಡ್ಡ ಗಿಡಗಳು ಅಲ್ಲಿ ಸುಲಭವಾಗಿ ನೆಲೆಯೂರವು. ಆ ಬಡತನವೇ ಈ ಕಿರುಗಿಡಕ್ಕೆ ಆಸರೆ. ಮಳೆಗಾಲದಲ್ಲಿ ಬಂಡೆಯ ತಗ್ಗುಗಳಲ್ಲಿ ನಿಲ್ಲುವ ನೀರು, ತಡೆಯಿಲ್ಲದ ಬಿಸಿಲು, ಸಾರವಿಲ್ಲದ ಮಣ್ಣು, ಈ ಮೂರೂ ಕೂಡಿದಲ್ಲಿ ಅದು ಬಾಳುತ್ತದೆ. ನೀರು ಆರಿದಾಗ ಗಿಡ ಒಣಗುತ್ತದೆ. ಬೀಜ ಮಾತ್ರ ಮಣ್ಣಿನಲ್ಲಿ ಮುಂದಿನ ಮಳೆಯನ್ನು ಕಾಯುತ್ತದೆ.

ಅದೇ ಮಳೆನೀರು ಮುರಕಲ್ಲಿನ ಬಿರುಕುಗಳಲ್ಲಿ ಇಂಗಿ, ಗುಡ್ಡದ ಬುಡದ ಬಾವಿಗಳಿಗೂ ನಮ್ಮ ಹಿರಿಯರು ತೋಡಿದ ಸುರಂಗಗಳಿಗೂ ಒಸರಾಗಿ ಇಳಿಯುತ್ತದೆ. ಹೂವಿನ ನೆಲೆಯೂ ನಮ್ಮ ಕೊಡದ ನೀರಿನ ಮೂಲವೂ ಒಂದೇ ಗುಡ್ಡ.

ಕಲ್ಲುಕೋರೆಗಳು ಈ ನೆಲವನ್ನು ಅಗೆದೊಯ್ಯುತ್ತಿರುವುದು ಎಲ್ಲರಿಗೂ ಕಾಣುತ್ತದೆ. ಸದುದ್ದೇಶದಿಂದ ಆಗುವ ಹಾನಿ ಅಷ್ಟಾಗಿ ಕಾಣುವುದಿಲ್ಲ. ಬೋಳಾಗಿ ತೋರುವ ಗುಡ್ಡವನ್ನು ಹಸಿರಾಗಿಸಲು ಹೊರಗಿನ ಮಣ್ಣು ಸುರಿದು ಅಕೇಶಿಯದಂತಹ ಮರಗಳನ್ನು ನೆಟ್ಟರೆ ನೆರಳು ಕವಿಯುತ್ತದೆ, ತರಗೆಲೆ ತಗ್ಗುಗಳನ್ನು ಮುಚ್ಚುತ್ತದೆ. ಅಕೇಶಿಯವು ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಬೇರೆ ಬೆಳೆಗೆ ವರವಾಗುವ ಆ ಸಾರವೇ ಇಲ್ಲಿ ಕಳೆಗಳನ್ನು ಕರೆತಂದು ನೀಲಿ ಹೂವನ್ನು ಹೊರದೂಡುತ್ತದೆ.

ಜೂನ್ 5ರ ಪರಿಸರ ದಿನದಂದು ಶಾಲೆಗಳಲ್ಲಿ ಸಸಿ ನೆಡುವುದು ಒಳ್ಳೆಯ ಪದ್ಧತಿಯೇ. ಅದಕ್ಕೆ ಶಾಲೆಯ ಅಂಗಳವಿದೆ, ದಾರಿಯ ಬದಿಯಿದೆ, ಮನೆಯ ಹಿತ್ತಿಲಿದೆ. ಪದವನ್ನು ಅದರ ಪಾಡಿಗೆ ಬಿಡೋಣ. ಹೆತ್ತವರು ಸೋಣ ತಿಂಗಳಲ್ಲೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಹೂ ಕೊಯ್ಯುವುದಾದರೆ ಬೊಗಸೆಯಷ್ಟು ಸಾಕು. ಉಳಿದವು ಬೀಜಕಟ್ಟಿದರೆ ತಾನೇ ಮುಂದಿನ ವರ್ಷವೂ ಗುಡ್ಡ ನೀಲಿಯಾಗುವುದು.