ಹೊರುವ ಮುನ್ನ ಅಳೆಯೋಣ

ನೆರಿಯದ ಹಳೆಯ ಮನೆಯನ್ನು ಬಿಟ್ಟು ಮೂಡುಬಿದಿರೆಯ ಚಿಕ್ಕ ಮನೆಗೆ ಹೋಗಲು ನಿಶ್ಚಯಿಸಿದಾಗ ನಾನು ಮೊದಲು ವಿಚಾರಿಸಿದ್ದು ಲಾರಿಯ ಬಾಡಿಗೆಯನ್ನು. ವಿಚಾರಿಸಬೇಕಾಗಿದ್ದುದು ನನ್ನ ವ್ರತವನ್ನು.

ಶ್ರಾವಕನ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರಗಳಿಂದ ಬಟ್ಟೆ ಪಾತ್ರೆಗಳವರೆಗೆ ತನಗಿಷ್ಟೇ ಸಾಕೆಂದು ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳಬೇಕು. ಮಿತಿಯಿಲ್ಲದೆ ಕಟ್ಟಿದ ಗಂಟು ಹೊಸ ಮನೆಯ ಅಟ್ಟವನ್ನೇ ಸೇರುತ್ತದೆ.

ಕೋಣೆಗೊಂದು ಪುಟದಂತೆ ಪಟ್ಟಿ ಮಾಡಿದೆವು: ಒಯ್ಯುವುದು, ಕೊಡುವುದು. ಹಂಡೆ, ಭರಣಿಗಳನ್ನು ಸುಲಭವಾಗಿ ಕೊಟ್ಟೆ. ಸನ್ಮಾನದ ಶಾಲುಗಳ ಪೆಟ್ಟಿಗೆ ಬಂದಾಗ ಕೈ ತಡೆಯಿತು. “ಇದು ಯಾವ ಪುಟಕ್ಕೆ?” ಎಂದು ಪತ್ನಿ ಕೇಳಿದರು. ಉತ್ತರ ಹೊಳೆಯಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಎಂದರೆ ‘ನನ್ನದು’ ಎಂಬ ಮಮತೆಯಲ್ಲಿ ಕಂಡರು. ಅನೇಕರಿಗೆ ಇದನ್ನು ವಿವರಿಸಿದ್ದ ನನಗೆ ಅದು ಅರ್ಥವಾದದ್ದು ಅಂದು. ಶಾಲುಗಳು ಚಳಿಗೆ ಹೊದೆಯುವವರ ಮನೆ ಸೇರಿದವು.

ಮಳೆಗಾಲದಲ್ಲಿ ಜೀವರಾಶಿಗೆ ನೋವಾಗದಿರಲೆಂದು ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುತ್ತಾರೆ. ನಾವೂ ಸಾಗಾಟವನ್ನು ಮಳೆ ಕಳೆದ ಮೇಲೆ, ಹಗಲಿನಲ್ಲೇ ಇಟ್ಟುಕೊಂಡೆವು. ಪೆಟ್ಟಿಗೆಗಳ ಸುತ್ತ ಮೆಲ್ಲನೆ ಗುಡಿಸಿ, ಇರುವೆ ಸಾಲು ಸರಿದ ಬಳಿಕವೇ ಎತ್ತಿದೆವು.

ಪಿಂಛಿ, ಕಮಂಡಲು, ಶಾಸ್ತ್ರ: ದಿಗಂಬರ ಮುನಿಯ ಪ್ರಯಾಣಕ್ಕೆ ಇಷ್ಟು ಸಾಕು. ನಮಗೆ ಅಷ್ಟು ಸಾಧ್ಯವಿಲ್ಲದಿರಬಹುದು, ಎಣಿಸಿ ನೋಡುವುದಂತೂ ಸಾಧ್ಯ. ಮನೆ ಬದಲಿಸದವರೂ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದಂದು, ಒಮ್ಮೆ ತಮ್ಮ ಅಟ್ಟ ಹತ್ತಿ ನೋಡಲಿ.